ಹನ್ನೊಂದು ವರ್ಷ ತಡವಾದ ಸಾರಾಂಶ

ಕೊರಿಯಾದ ಉಪಭಾಷೆಗಳ ಬೆನ್ನು ಹತ್ತಿದವರದ್ದೊಂದು ಬಳಗವಿದೆ. ಮುನ್ನೂರು ಚಿಲ್ಲರೆ ಮಂದಿ. ಅವರಲ್ಲಿ ಅರ್ಧ ಜನ ಒಬ್ಬರ ಮುಖ ಒಬ್ಬರು ನೋಡಿಲ್ಲ, ಇನ್ನರ್ಧ ಜನ ನೋಡಿದ ಮೇಲೆ ಮಾತು ಬಿಟ್ಟಿದ್ದಾರೆ. ಆದರೂ ಯಾರಿಗಾದರೂ ಕೆಲಸ ಕಗ್ಗಂಟಾಗಿ ಬಳಗಕ್ಕೊಂದು ಮೇಲ್ ಹಾಕಿದರೆ ಸಾಕು, ತೆಂಕಣ ದ್ವೀಪದಿಂದ ಬಡಗಣ ಗಡಿಯವರೆಗೆ ಯಾರಾದರೊಬ್ಬರು ‘ನಮ್ಮಜ್ಜಿ ಹೀಗನ್ನುತ್ತಿದ್ದಳು’ ಎಂದು ಉತ್ತರ ಬರೆಯುತ್ತಾರೆ. ಉತ್ತರಗಳು ಕೇಳಿದವರಿಗೆ ಮಾತ್ರ ಹೋಗುತ್ತವೆ, ಬೇರೆಯವರಿಗೆ ಕಾಣುವುದಿಲ್ಲ. ಅದಕ್ಕೇ ಒಂದು ಕಟ್ಟಳೆ ಮಾಡಿಕೊಂಡಿದ್ದಾರೆ. ಪ್ರಶ್ನೆ ಕೇಳಿದವರು ಒಂದು ತಿಂಗಳೊಳಗೆ ಬಂದ ಉತ್ತರಗಳನ್ನೆಲ್ಲ ಒಟ್ಟುಮಾಡಿ, ಕೊಟ್ಟವರ ಹೆಸರು ಹೇಳಿ, ಬಳಗದ ಮುಂದೆ ಸಾರಾಂಶ ಇಡಬೇಕು. ತಮಗೆ ರುಚಿಸಿದ ಉತ್ತರ, ರುಚಿಸದ ಉತ್ತರ, ಎರಡನ್ನೂ. ಸಾರಾಂಶ ಕೊಡದವರು ಎರಡನೇ ಪ್ರಶ್ನೆ ಕೇಳುವಂತಿಲ್ಲ.

ಓಕ್ ಹೇರಾನ್ ಹನ್ನೊಂದು ವರ್ಷದಿಂದ ಎರಡನೇ ಪ್ರಶ್ನೆ ಕೇಳಿರಲಿಲ್ಲ. ಚುನ್‌ಚಾನ್ ಊರಿನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಐವತ್ತೆರಡರ ಹೆಂಗಸು. ತನಗೆ ಯಾರ ಸಹಾಯವೂ ಬೇಕಾಗುವುದಿಲ್ಲ ಎಂಬ ಹೆಸರನ್ನು ಅವಳು ಗಳಿಸಿಕೊಂಡಿದ್ದಳು. ಅದು ಸ್ವಾಭಿಮಾನ ಎಂದು ಜೊತೆಯವರು ತಿಳಿದಿದ್ದರು. ನಿಜವೇನೆಂಬುದು ಅವಳಿಗೆ ಗೊತ್ತಿತ್ತು.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಅವಳ ಕೋಣೆಯ ಬಾಗಿಲು ತಟ್ಟದೆ ಒಬ್ಬ ಹೆಂಗಸು ಒಳಗೆ ಬಂದಳು. ಅರವತ್ತು ದಾಟಿದ್ದಳು, ಮೂರು ಮಹಡಿ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದಳು. ಹೇರಾನ್‌ಗೆ ಗುರುತು ಹತ್ತಿತು. ತಾನು ಹಿಂದೆ ಬೆಟ್ಟದ ಮಾತು ಕೇಳಲು ಹೋಗುತ್ತಿದ್ದ ಇಂಜೆ ಕಣಿವೆಯ ಮಾ ಅಜ್ಜನ ಮಗಳು ದಲ್ಲೆ. ಊರ ದಾರಿಯಲ್ಲಿ ತಣ್ಣನೆ ಶಾವಿಗೆ ಮಾರುವ ಅಂಗಡಿ ಇಟ್ಟವಳು.

“ದಲ್ಲೆ ಅಕ್ಕಾ, ಕೂತ್ಕೊಳ್ಳಿ. ಅಜ್ಜ ಹೇಗಿದಾರೆ?”

“ಏಪ್ರಿಲ್‌ನಲ್ಲಿ ಹೋದ.”

ಹೇರಾನ್ ಎದ್ದು ನಿಂತಳು. “ನನಗೆ ಯಾರೂ ತಿಳಿಸ್ಲೇ ಇಲ್ವಲ್ಲ.”

“ತಿಳಿಸೋಕೆ ನೀವು ನಮಗೇನಾಗ್ಬೇಕು ಮೇಡಮ್ಮ? ಹನ್ನೊಂದು ವರ್ಷದಿಂದ ಆ ಕಡೆ ತಲೆ ಹಾಕಿದೋರಲ್ಲ.” ದಲ್ಲೆ ಚೀಲದಿಂದ ಬಿಸ್ಕತ್ತಿನ ಡಬ್ಬಿಯೊಂದನ್ನು ತೆಗೆದು ಮೇಜಿನ ಮೇಲೆ ಕುಕ್ಕಿದಳು. ಒಳಗೆ ಒಂದು ಹಳೆಯ ಕ್ಯಾಸೆಟ್ಟಿತ್ತು. “ಮೇಡಮ್ಮ ಬಂದ್ರೆ ಕೊಡು ಅಂತಿದ್ದ. ಪ್ರತಿ ವರ್ಷ ಎಲೆ ಕೆಂಪಾಗೋ ಹೊತ್ತಿಗೆ ‘ಬಂದ್ಲಾ’ ಅಂತ ಕೇಳೋನು. ಕೊನೇಗೆ ‘ಅವಳು ಬರಲ್ಲ ಕಣೇ, ನೀನೇ ಕೊಟ್ಟು ಬಾ’ ಅಂದ. ನಾನಾಗಿದ್ರೆ ಒಲೆಗೆ ಹಾಕ್ತಿದ್ದೆ.”

“ಏನಿದೆ ಅಕ್ಕ ಇದ್ರಲ್ಲಿ?”

“ಅದನ್ನ ಕೇಳೋಕೇ ನಾನು ಬಂದಿರೋದು. ಅಪ್ಪನ ದನಿ ಇದೆ. ಬೆಟ್ಟದ ಮಾತಿರ್ಬೇಕು. ಅರವತ್ತಮೂರು ವರ್ಷ ಅವನ ಮಗಳಾಗಿದ್ದೆ, ನಂಗೊಂದು ಅಕ್ಷರ ತಿಳೀಲಿಲ್ಲ. ನೀವು ಅದರ ಮೇಲೆ ಪುಸ್ತಕ ಬರ್ದಿದೀರಂತಲ್ಲ. ಅಪ್ಪ ಏನಂದಿದಾನೆ, ಹೇಳಿ ನೋಡೋಣ.”

ಹೇರಾನ್ ಕ್ಯಾಸೆಟ್ಟನ್ನು ವಿಭಾಗದ ಹಳೆಯ ಯಂತ್ರಕ್ಕೆ ಹಾಕಿದಳು. ಯಾವುದೋ ಹಳೆಯ ಹಾಡಿನ ಕ್ಯಾಸೆಟ್ಟಿನ ಮೇಲೆಯೇ ಅಜ್ಜ ಮಾತು ತುಂಬಿಸಿದ್ದ. ಆರಂಭದಲ್ಲಿ ಎರಡು ಸಾಲು ಪ್ರೇಮಗೀತೆ, ಆಮೇಲೆ ಗಾಳಿ, ಆಮೇಲೆ ಅವನ ಒಡಕಲು ದನಿ. ಇಬ್ಬರೂ ಮುಕ್ಕಾಲು ಗಂಟೆ ಅಲ್ಲಾಡದೆ ಕೇಳಿದರು. ಅಲ್ಲೊಂದು ಇಲ್ಲೊಂದು ಮಾತು ಬಿಟ್ಟರೆ ಹೇರಾನ್‌ಗೂ ಏನೂ ತಿಳಿಯಲಿಲ್ಲ. ಅವಳು ಪುಸ್ತಕದಲ್ಲಿ ಅಚ್ಚು ಮಾಡಿಸಿದ್ದ ನಲವತ್ತು ಬೆಟ್ಟದ ಮಾತುಗಳಲ್ಲಿ ಇಪ್ಪತ್ತೆಂಟು ಅದರಲ್ಲಿ ಒಂದು ಸಲವೂ ಬರಲಿಲ್ಲ. ಬರುವುದಿಲ್ಲವೆಂದು ಅವಳಿಗೆ ಮೊದಲೇ ಗೊತ್ತಿತ್ತು.

“ಸ್ವಲ್ಪ ಸಮಯ ಕೊಡಿ ಅಕ್ಕ,” ಎಂದಳು.

“ತಗೊಳ್ಳಿ. ನಿಮಗೆ ಸಮಯಕ್ಕೇನು ಬರ,” ಎಂದು ದಲ್ಲೆ ಎದ್ದು ಹೋದಳು.

ಬೆಟ್ಟದಲ್ಲಿ ಜಿನ್‌ಸೆಂಗ್ ಎಂಬ ಔಷಧಿ ಬೇರು ಹುಡುಕುವವರಿಗೆ ತಮ್ಮದೇ ಮಾತುಗಳಿದ್ದವು. ಅನ್ನಕ್ಕೆ ಬೇರೆ ಹೆಸರು, ಹುಲಿಗೆ ಬೇರೆ, ನೀರಿಗೆ, ಕತ್ತಿಗೆ, ಹೆಂಡತಿಗೆ ಬೇರೆ. ಆ ಮಾತುಗಳನ್ನು ಬೆಟ್ಟದ ಮೇಲೆ, ತಂಡದವರ ನಡುವೆ ಮಾತ್ರ ಆಡಬೇಕು. ಕೆಳಗಿಳಿದ ಮೇಲೆ ಬಾಯಿಗೆ ಬೀಗ. ಮೂವತ್ತರ ಹೇರಾನ್ ಕೈಯಲ್ಲಿ ಪಟ್ಟಿ, ಕಂಕುಳಲ್ಲಿ ರೆಕಾರ್ಡರ್ ಹಿಡಿದು ಮಾ ಅಜ್ಜನ ಮನೆಯ ಬೆಚ್ಚನೆ ನೆಲದ ಮೇಲೆ ಕೂತು ಆ ಮಾತುಗಳನ್ನು ಕೇಳಿದ್ದಳು. ಈ ಕಸುಬಿನವರೆಲ್ಲ ಮಾಡುವ ತಪ್ಪು ಅದು. ಪಟ್ಟಿಯಲ್ಲಿ ಪ್ರಶ್ನೆಯಿದ್ದರೆ ಎದುರು ಕೂತವನ ಬಾಯಲ್ಲಿ ಉತ್ತರ ಇದ್ದೇ ಇರುತ್ತದೆ ಎಂದುಕೊಳ್ಳುತ್ತಾರೆ. ಅಜ್ಜನೋ ಮನೆಗೆ ಬಂದ ಹುಡುಗಿಯನ್ನು ಬರಿಗೈಯಲ್ಲಿ ಕಳಿಸಲಾರದವನು. ಮಾತು ಕೊಟ್ಟ. ಹತ್ತು ಹನ್ನೆರಡು ವರ್ಷ, ಅವಳು ಹೋದಾಗಲೆಲ್ಲ ಕೊಟ್ಟ. ಅವು ಪಿಎಚ್‌ಡಿಯಾದವು, ಪುಸ್ತಕವಾದವು, ಉಪಭಾಷೆಗಳ ದೊಡ್ಡ ನಿಘಂಟಿನಲ್ಲಿ ಅವಳ ಹೆಸರಿನೊಂದಿಗೆ ಸೇರಿದವು.

ಪುಸ್ತಕದ ಎರಡನೇ ಮುದ್ರಣಕ್ಕೆಂದು ಅವಳು ಬಳಗವನ್ನು ಕೇಳಿದ್ದಳು: ಈ ನಲವತ್ತು ಮಾತುಗಳನ್ನು ಬೇರೆ ಯಾವ ಕಣಿವೆಯಲ್ಲಾದರೂ ಕೇಳಿದ್ದೀರಾ? ಹದಿನೇಳು ಉತ್ತರ ಬಂದಿದ್ದವು. ಹದಿನಾರು ಜನ ಇಲ್ಲವೆಂದಿದ್ದರು. ಹದಿನೇಳನೆಯದು ಸಾಮ್‌ಚೊಕ್‌ನ ತಾಕ್ ಮೇಷ್ಟ್ರದ್ದು. ಹೈಸ್ಕೂಲಿನಲ್ಲಿ ಪಾಠ ಮಾಡುತ್ತ, ರಜೆಯಲ್ಲೆಲ್ಲ ಬೆಟ್ಟ ಸುತ್ತುತ್ತ, ಹೇರಾನ್ ಹುಟ್ಟಿದ ಕಾಲಕ್ಕೇ ಬೇರಿನವರ ಜೊತೆ ತಿರುಗಲು ಶುರುಮಾಡಿದ್ದವರು. ಅವರು ಬರೆದದ್ದು ಇಷ್ಟೇ: ‘ಈ ಕೆಳಗಿನ ಇಪ್ಪತ್ತೆಂಟು ಮಾತುಗಳು ಬೆಟ್ಟದವಲ್ಲ. ನಿಮಗೆ ಬೇಜಾರಾಗದಿರಲೆಂದು ಯಾರೋ ಕೂತಲ್ಲೇ ಕಟ್ಟಿಕೊಟ್ಟಿದ್ದಾರೆ. ಸರಿಯಾದವು ಯಾವುವೆಂದು ನಾನು ಹೇಳಲಾರೆ. ಕ್ಷಮಿಸಿ.’

ಹೇಳಲಾರೆ ಎನ್ನುವ ಮಾತು ಅವಳ ಮೈ ಉರಿಸಿತ್ತು. ಕಟ್ಟಿದ್ದನ್ನು ಕೆಡವುತ್ತಾನೆ, ಬದಲಿಗೆ ಒಂದು ಇಟ್ಟಿಗೆ ಕೊಡುವುದಿಲ್ಲ, ಹೊಟ್ಟೆಕಿಚ್ಚಿನ ಮುದುಕ ಎಂದು ಬೈದುಕೊಂಡಳು. ಆದರೆ ಆ ಇಪ್ಪತ್ತೆಂಟನ್ನು ಮತ್ತೆ ಓದುವಾಗ ಅಜ್ಜ ಅವನ್ನು ಹೇಳುವ ಮುಂಚೆ ಸೂರು ನೋಡುತ್ತಿದ್ದದ್ದು ಒಂದೊಂದಾಗಿ ನೆನಪಿಗೆ ಬಂತು. ಸಾರಾಂಶ ಬರೆಯಲಿಲ್ಲ. ಎರಡನೇ ಮುದ್ರಣವನ್ನು ಸುಮ್ಮನೆ ಕೈಬಿಟ್ಟಳು. ಇಂಜೆಗೆ ಹೋಗುವುದನ್ನು ನಿಲ್ಲಿಸಿದಳು. ಅಜ್ಜನ ಮೇಲೆ ಸಿಟ್ಟು ಬಂದಿದೆ ಎಂದು ತನಗೆ ತಾನೇ ಹೇಳಿಕೊಂಡಳು. ಬಂದದ್ದು ನಾಚಿಕೆ.

ಈಗ ಕ್ಯಾಸೆಟ್ಟು ಮೇಜಿನ ಮೇಲಿತ್ತು. ಎರಡು ದಿನ ಅದನ್ನು ಸುತ್ತಿ ಸುತ್ತಿ ಕೇಳಿ ಸೋತು, ಮೂರನೇ ದಿನ ಅವಳು ಬಳಗಕ್ಕೆ ಪ್ರಶ್ನೆ ಬರೆದು ಕಳಿಸಿದಳು. ಹತ್ತು ನಿಮಿಷಕ್ಕೆ ಫೋನ್ ಬಂತು. ಬಳಗ ನೋಡಿಕೊಳ್ಳುವ ಪ್ಯೊ, ಅವಳಿಗಿಂತ ನಾಲ್ಕು ವರ್ಷ ಮುಂಚೆ ಅದೇ ಗುರುಗಳ ಕೈಕೆಳಗೆ ಓದಿದವನು.

“ಹೇರಾನ್, ನಿನ್ ಮೇಲ್ ಬಂತು. ಹಾಕೋಕಾಗಲ್ಲಮ್ಮ.”

“ಯಾಕಣ್ಣ?”

“ಯಾಕೆ ಅಂತ ನಿಂಗೆ ಗೊತ್ತು. ಸಾರಾಂಶ ಬಾಕಿ ಇರೋರ ಪಟ್ಟೀಲಿ ಈಗ ಉಳಿದಿರೋದು ಎರಡೇ ಹೆಸರು. ಒಬ್ರು ತೀರಿಹೋಗಿದಾರೆ.”

“ಅಣ್ಣಾ, ಹಳೇದು ಬಿಡಿ. ಇದು ತುರ್ತು. ಅಜ್ಜನ ಮಗಳು ಕಾಯ್ತಿದಾಳೆ.”

“ತುರ್ತಾದ್ರೆ ಬೇಗ ಬರಿ. ಹದಿನೇಳು ಉತ್ತರ ತಾನೆ? ಒಂದು ಮಧ್ಯಾಹ್ನದ ಕೆಲಸ.” ಪ್ಯೊ ದನಿ ತಗ್ಗಿಸಿ ಕೇಳಿದ: “ಯಾಕೆ, ಅದ್ರಲ್ಲೇನಾದ್ರೂ ಇದ್ಯಾ?”

“ಇದೆ.”

“ಎಷ್ಟು ದೊಡ್ಡದು?”

“ನನ್ ಪುಸ್ತಕದಷ್ಟು.”

ಪ್ಯೊ ಒಳ್ಳೆಯವನು, ಆದರೆ ಕಟ್ಟಳೆಯ ವಿಷಯದಲ್ಲಿ ಕಲ್ಲು. “ಹಾಗಾದ್ರೆ ಊಟ ಮಾಡಿ ಬರಿ. ಖಾಲಿ ಹೊಟ್ಟೇಲಿ ಅಂಥದ್ದು ಬರೀಬಾರ್ದು,” ಎಂದು ಇಟ್ಟುಬಿಟ್ಟ.

ಊಟ ಸೇರಲಿಲ್ಲ. ಹೇರಾನ್ ಮೊದಲು ಒಂದು ಜಾಣ ಸಾರಾಂಶ ಬರೆದಳು. ‘ಕೆಲವು ಮಾತುಗಳ ಬಗ್ಗೆ ಅನುಮಾನ ವ್ಯಕ್ತವಾಗಿದೆ’ ಎಂಬ ಧಾಟಿಯದ್ದು, ಇಪ್ಪತ್ತು ವರ್ಷ ಸಮಿತಿಗಳಲ್ಲಿ ಕೂತವರಿಗೆ ನೀರು ಕುಡಿದಷ್ಟು ಸುಲಭ. ಓದಿ ನೋಡಿದಳು. ಮೇಜಿನ ಮೇಲೆ ಕುಕ್ಕಿದ ಬಿಸ್ಕತ್ತಿನ ಡಬ್ಬಿ ಅಲ್ಲೇ ಇತ್ತು. ಬರೆದದ್ದನ್ನು ಅಳಿಸಿ ಹಾಕಿದಳು. ಸಂಜೆ ನಾಲ್ಕಕ್ಕೆ ಕಳಿಸಿದ್ದು ಬೇರೆಯೇ. ಹದಿನೇಳು ಜನರ ಹೆಸರು, ಅವರವರ ಉತ್ತರ, ತಾಕ್ ಮೇಷ್ಟ್ರ ಪತ್ರ ಒಂದಕ್ಷರ ಬಿಡದೆ, ಕೆಳಗೆ ತನ್ನದೊಂದು ಸಾಲು: ‘ತಾಕ್ ಅವರು ಹೇಳಿದ್ದು ಸರಿ. ನನಗೆ ಅಂದೇ ಗೊತ್ತಾಗಿತ್ತು. ನನ್ನ ಪುಸ್ತಕದಲ್ಲೂ ನಿಘಂಟಿನಲ್ಲೂ ಇರುವ ಈ ಇಪ್ಪತ್ತೆಂಟು ಮಾತುಗಳನ್ನು ದಯವಿಟ್ಟು ಹೊಡೆದುಹಾಕಿ.’ ಅದರ ಬೆನ್ನಿಗೇ ಹೊಸ ಪ್ರಶ್ನೆ ಹೋಯಿತು: ಮುಕ್ಕಾಲು ಗಂಟೆಯ ಧ್ವನಿಯಿದೆ, ಅರ್ಥ ಬಲ್ಲವರು ಇದ್ದೀರಾ?

ಮರುದಿನ ಒಂದೂ ಉತ್ತರ ಬರಲಿಲ್ಲ. ಮುನ್ನೂರು ಜನರ ಬಳಗ ಉಸಿರು ಹಿಡಿದು ಕೂತಿತ್ತು. ವಿಭಾಗದ ಕಾರಿಡಾರಿನಲ್ಲಿ ಇಬ್ಬರು ಅವಳನ್ನು ಕಂಡು ಮಾತು ನಿಲ್ಲಿಸಿದರು. ನಿಘಂಟಿನ ಸಂಪಾದಕರ ಚೀಟಿ ಬಂತು, ಎರಡೇ ಸಾಲಿನದ್ದು, ತಣ್ಣಗಿತ್ತು. ಅವಳಿಗೆ ಕೆಲಸ ಬಿಟ್ಟು ಎಲ್ಲಾದರೂ ಹೋಗಿಬಿಡೋಣ ಅನ್ನಿಸಿತು.

ಮೂರನೇ ದಿನ ಜೇಜು ದ್ವೀಪದ ಒಬ್ಬ ಪ್ರಾಧ್ಯಾಪಕರು, ಅರವತ್ತೆಂಟರ ಗಂಭೀರ ಮನುಷ್ಯ, ಇಡೀ ಬಳಗಕ್ಕೇ ಬರೆದರು: ‘ನನ್ನ ಪುಸ್ತಕದಲ್ಲಿ ಗಾಳಿಗಿರುವ ಇಪ್ಪತ್ತಮೂರು ಹೆಸರುಗಳಲ್ಲಿ ಐದು ನಮ್ಮ ಸೋದರಮಾವ ಕುಡಿದು ಕಟ್ಟಿದವು. ನನಗೆ ಮೂವತ್ತು ವರ್ಷದಿಂದ ಗೊತ್ತು. ಓಕ್ ಅವರ ಪತ್ರ ಓದಿದ ಮೇಲೆ ಊಟ ಇಳಿಯುತ್ತಿಲ್ಲ.’ ಮಧ್ಯಾಹ್ನದೊಳಗೆ ಇನ್ನೂ ನಾಲ್ಕು ಬಂದವು. ಒಬ್ಬಾಕೆ ತನ್ನ ಅತ್ತೆಯ ಮಾತನ್ನು ಬೆಸ್ತರ ಮಾತೆಂದು ಬರೆದಿದ್ದಳು. ಇನ್ನೊಬ್ಬ ಅಚ್ಚಿನ ತಪ್ಪನ್ನೇ ಸಮರ್ಥಿಸಿಕೊಂಡು ಇಡೀ ಲೇಖನ ಬರೆದಿದ್ದ. ಸಂಜೆಗೆ ಪ್ಯೊ ಬಳಗಕ್ಕೆ ಒಂದು ಪ್ರಕಟಣೆ ಹಾಕಬೇಕಾಯಿತು: ತಪ್ಪೊಪ್ಪಿಗೆಗಳಿಗೆ ಬೇರೆ ದಿನ ಗೊತ್ತುಮಾಡುತ್ತೇನೆ, ಈಗ ದಯವಿಟ್ಟು ಓಕ್ ಅವರ ಪ್ರಶ್ನೆಗೆ ಉತ್ತರವಿದ್ದರೆ ಮಾತ್ರ ಬರೆಯಿರಿ.

ಉತ್ತರ ಇದ್ದದ್ದು ಒಬ್ಬರ ಬಳಿ. ತಾಕ್ ಮೇಷ್ಟ್ರ ಪತ್ರ ಐದನೇ ದಿನ ಬಂತು, ಕೈಬರಹದ್ದು, ಯಾರದೋ ಫೋನಿನಲ್ಲಿ ಫೋಟೋ ತೆಗೆದು ಕಳಿಸಿದ್ದು.

‘ಓಕ್ ಅವರಿಗೆ. ನಿಮ್ಮ ಸಾರಾಂಶ ಬಂತು. ನಾನು ಅದನ್ನು ಎದುರು ನೋಡುವುದನ್ನು ಬಿಟ್ಟು ಬಹಳ ವರ್ಷವಾಗಿತ್ತು. ಆ ಮಾತುಗಳು ನನಗೆ ಗೊತ್ತು. ಆದರೆ ಅವನ್ನು ಕಲಿಸಿದ ನನ್ನ ಹಿರಿಯರಿಗೆ ಮಾತು ಕೊಟ್ಟಿದ್ದೇನೆ, ಬೆಟ್ಟದ ಕೆಳಗೆ ಬಾಯಿ ಬಿಡುವುದಿಲ್ಲ, ಬರೆಯುವುದಿಲ್ಲ, ಕಿವಿಗೂ ಹಾಕಿಕೊಳ್ಳುವುದಿಲ್ಲವೆಂದು. ಹಿಂದೆ ಸರಿಯಾದವನ್ನು ಹೇಳದೆ ಇದ್ದದ್ದಕ್ಕೆ ಕಾರಣ ಅಷ್ಟೇ. ನಿಮಗೆ ಸಿಟ್ಟು ಬಂದಿರಬೇಕು. ಧ್ವನಿ ಕಳಿಸಬೇಡಿ. ನನಗೆ ಎಪ್ಪತ್ತೆಂಟು, ಎಡ ಮಂಡಿ ಸರಿಯಿಲ್ಲ. ಯಾವ ಬೆಟ್ಟ, ಯಾವ ದಿನ ಎಂದು ತಿಳಿಸಿ.’

ಹೇರಾನ್ ಅದನ್ನು ಮೂರು ಸಲ ಓದಿದಳು. ಹನ್ನೊಂದು ವರ್ಷ ಹೊಟ್ಟೆಕಿಚ್ಚಿನ ಮುದುಕ ಎಂದು ಬೈದವರನ್ನು ಈಗ ಹೇಗೆ ನೋಡುವುದೆಂದು ತಿಳಿಯದೆ ಮುಖ ಮುಚ್ಚಿಕೊಂಡು ಕೂತಳು.

ಅಕ್ಟೋಬರಿನ ಎರಡನೇ ಶನಿವಾರ ನಾಲ್ಕು ಜನ ಬೆಟ್ಟ ಹತ್ತಿದರು. ತಾಕ್ ಮೇಷ್ಟ್ರು ಎರಡೂ ಕೈಯಲ್ಲಿ ಕೋಲು ಹಿಡಿದಿದ್ದರು. ಪ್ಯೊ ಕ್ಯಾಸೆಟ್ ಯಂತ್ರವನ್ನು ಎದೆಗವಚಿಕೊಂಡು ಜಾರದಂತೆ ಹೆಜ್ಜೆ ಇಡುತ್ತಿದ್ದ. ದಲ್ಲೆ ಒಣಮೀನು, ಅಕ್ಕಿ ಹೆಂಡ, ಹಣ್ಣು ಇದ್ದ ಗಂಟನ್ನು ಹೊತ್ತು ಎಲ್ಲರಿಗಿಂತ ಮುಂದಿದ್ದಳು.

“ಈ ಕಣಿವೇಗೆ ಇಷ್ಟು ಓದಿದೋರು ಒಟ್ಟಿಗೆ ಬಂದಿದ್ದು ಇದೇ ಮೊದಲು,” ಎಂದಳು ಹಿಂತಿರುಗಿ. “ಒಬ್ರಿಗೂ ನಡಿಯೋಕೆ ಬರಲ್ಲ.”

“ನಡಿಗೆ ಮೇಲೆ ಪಿಎಚ್‌ಡಿ ಮಾಡಿಲ್ಲಮ್ಮ ನಾವು,” ಎಂದ ಪ್ಯೊ.

ಮೇಷ್ಟ್ರು ನಕ್ಕು ಕೆಮ್ಮಿದರು. ಹೇರಾನ್ ಅವರ ಪಕ್ಕಕ್ಕೆ ಬಂದು, ಬಸ್ ನಿಲ್ದಾಣದಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತನ್ನು ಕೊನೆಗೂ ಆಡಿದಳು.

“ಮೇಷ್ಟ್ರೇ, ನಿಮ್ ಪತ್ರಕ್ಕೆ ನಾನು ಒಂದು ಸಾಲು ಉತ್ತರಾನೂ ಬರೀಲಿಲ್ಲ. ನಿಮ್ಮನ್ನ ಏನೇನೋ ಅಂದ್ಕೊಂಡೆ.”

“ಏನಂದ್ಕೊಂಡ್ರಿ?”

“ಹೇಳೋ ಹಾಗಿಲ್ಲ.”

“ಒಳ್ಳೇದು. ಹೇಳೋ ಹಾಗಿಲ್ಲದ ಮಾತು ಇಬ್ಬರ ಹತ್ರಾನೂ ಇವೆ ಅಂತಾಯ್ತು,” ಎಂದರು ಮೇಷ್ಟ್ರು. “ಕೈ ಕೊಡಿ, ಈ ಬಂಡೆ ಹತ್ತಬೇಕು.”

ಕಲ್ಲುಗುಡ್ಡೆಯೊಂದರ ಬಳಿ ದಲ್ಲೆ ನಿಂತಳು. ಹತ್ತುವವರು ಒಂದೊಂದು ಕಲ್ಲಿಟ್ಟು ಬೆಳೆದ ಗುಡ್ಡೆ ಅದು. ಅಲ್ಲಿಂದ ಮೇಲೆ ಬೇರಿನವರ ಜಾಗ. ಇಪ್ಪತ್ತು ಹೆಜ್ಜೆ ಆಚೆ ಒಂದು ದೊಡ್ಡ ಪೈನ್ ಮರ, ಅದರ ಬುಡದಲ್ಲಿ ಬೆಟ್ಟದ ದೇವರು ಬೆಟ್ಟದೊಡೆಯನಿಗೆ ಎಡೆ ಇಡುವ ಚಪ್ಪಡಿ ಕಲ್ಲು.

“ನಾನಿಲ್ಲೇ ಕೂತಿರ್ತೀನಿ. ಇಲ್ಲಿಂದ ಮುಂದೆ ಹೆಂಗಸರು ಕಾಲಿಡಬಾರ್ದು ಅಂತ ಅಪ್ಪ. ಚಿಕ್ಕೋಳಿದ್ದಾಗ ಒಂದ್ಸಲ ಹಿಂದೆ ಬಂದಿದ್ದಕ್ಕೆ ಇಲ್ಲಿಂದ್ಲೇ ಕಿವಿ ಹಿಡಿದು ವಾಪಸ್ ಕಳಿಸಿದ್ದ.” ಗಂಟನ್ನು ಪ್ಯೊ ಕೈಗೆ ಕೊಟ್ಟು ಹೇರಾನ್ ಕಡೆ ನೋಡಿದಳು. “ನೀವು ಹೋಗಿ ಮೇಡಮ್ಮ. ನಿಮಗ್ಯಾವ ಕಟ್ಟಳೆ.”

ಹೇರಾನ್ ಎತ್ತಿದ ಕಾಲನ್ನು ಇಳಿಸಿದಳು. ಪೆನ್ನು ಆಗಲೇ ಕೈಯಲ್ಲಿತ್ತು. ಇಲ್ಲಿಯವರೆಗೆ ಬಂದು ಇಪ್ಪತ್ತು ಹೆಜ್ಜೆ ಹಿಂದೆ ಕೂರುವುದೆಂದರೆ ಜೀವ ಹಿಂಡಿದಂತಾಯಿತು. ಆದರೂ ದಲ್ಲೆಯ ಪಕ್ಕದಲ್ಲಿ ಒಣ ಎಲೆಗಳ ಮೇಲೆ ಕೂತಳು.

“ನೀವಿಬ್ರೇ ಮೊದಲು ಕೇಳಿ ಮೇಷ್ಟ್ರೇ. ಆಮೇಲೇನು ಮಾಡೋದು, ನೋಡೋಣ.”

ಗಂಡಸರಿಬ್ಬರೂ ಮೇಲೆ ಹೋದರು. ಮೇಷ್ಟ್ರು ಹೆಂಡ ಸುರಿದು ಕಷ್ಟಪಟ್ಟು ಮಂಡಿಯೂರಿ ನಮಸ್ಕರಿಸಿದರು. ಪ್ಯೊ ಯಂತ್ರದ ಗುಂಡಿ ಒತ್ತಿದ. ಪ್ರೇಮಗೀತೆಯ ಎರಡು ಸಾಲು ಕೇಳಿ ದಲ್ಲೆ “ಥೂ” ಎಂದಳು. ಆಮೇಲೆ ಅಜ್ಜನ ದನಿ ಸಣ್ಣಗೆ ಹರಿದು ಬಂತು. ಒಂದು ನಿಮಿಷವೂ ಆಗಿರಲಿಲ್ಲ, ಮೇಷ್ಟ್ರು ಕೈಯೆತ್ತಿ ನಿಲ್ಲಿಸಿದರು. ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ಕೇಳಿದರು. ಕೋಲೂರಿ ಎದ್ದರು.

“ಇಬ್ರೂ ಮೇಲೆ ಬನ್ನಿ.”

“ಹೆಂಗಸರು ಬರಬಾರ್ದು ಅಂದ್ನಲ್ಲ,” ಎಂದಳು ದಲ್ಲೆ.

“ಕರೀತಿರೋನು ನಾನಲ್ಲಮ್ಮ. ನಿಮ್ಮಪ್ಪ.”

ದಲ್ಲೆ ಅಲ್ಲಾಡಲಿಲ್ಲ. ಹೇರಾನ್ ಎದ್ದು ಅವಳ ತೋಳು ಹಿಡಿದಳು. ಕಲ್ಲುಗುಡ್ಡೆಯನ್ನು ದಾಟುವಾಗ ದಲ್ಲೆ ಬಗ್ಗಿ, ತಾನೂ ಒಂದು ಕಲ್ಲನ್ನು ಹುಡುಕಿ ಅದರ ಮೇಲಿಟ್ಟಳು. ಇಬ್ಬರೂ ಮರದ ಬುಡಕ್ಕೆ ಬಂದು ಕೂತರು. ಮೇಷ್ಟ್ರು ತುಸು ತುಸುವೇ ಕೇಳಿಸಿಕೊಂಡು, ನಿಲ್ಲಿಸಿ, ಮನೆಮಾತಿನಲ್ಲಿ ಹೇಳುತ್ತ ಹೋದರು.

“ಹಾವಿನ ವರ್ಷ, ಒಂಬತ್ತನೇ ತಿಂಗಳು, ಮೂರನೇ ದಿನ ಅಂತಾರೆ. ಬೆಟ್ಟದೊಡೆಯಾ, ನಾನು ಮಾ, ನಿನ್ನ ಮಡಿಲಲ್ಲಿ ಐವತ್ತು ವರ್ಷ ಬೇರು ಹುಡುಕಿದೋನು. ಜೊತೆಗಾರರೆಲ್ಲ ಹೋದ್ರು, ಒಬ್ಬನೇ ಉಳಿದಿದೀನಿ. ಇವತ್ತು ನನ್ನ ತಂಡಕ್ಕೆ ಇಬ್ರನ್ನ ಸೇರಿಸ್ಕೊಳ್ತಿದೀನಿ. ಇಬ್ರೂ ಹೆಣ್ಣು. ಸಿಟ್ಟು ಮಾಡ್ಕೋಬೇಡ, ಗಂಡಸರಿಗೆ ಈಗ ಈ ಮಾತು ಬೇಕಾಗಿಲ್ಲ.”

ಯಂತ್ರ ಮತ್ತೆ ಮಾತಾಡಿತು. ಮೇಷ್ಟ್ರು ದಲ್ಲೆಯ ಕಡೆ ತಿರುಗಿದರು.

“ಒಬ್ಬಳು ನನ್ನ ಮಗಳು ದಲ್ಲೆ. ಚಿಕ್ಕೋಳಿದ್ದಾಗ ಅವಳನ್ನ ಇಲ್ಲಿಂದ ಓಡಿಸ್ದೆ. ಅವಳ ಕಣ್ಣು ನನ್ನ ಕಣ್ಣಿಗಿಂತ ಚುರುಕು, ಕರ್ಕೊಂಡು ಬಂದಿದ್ರೆ ನನಗಿಂತ ಹೆಚ್ಚು ಬೇರು ಕಾಣ್ತಿದ್ಲು. ಇನ್ನೊಬ್ಬಳು ಮಾತು ಬರ್ಕೊಳ್ಳೋಳು. ಒಂದಷ್ಟು ಬಾಯಿ ತಪ್ಪಿ ಬಂದ್ವು, ಆಮೇಲೆ ನಿನ್ನ ಮಾತನ್ನ ಕೆಳಗೆ ಕೊಡಬಾರ್ದು ಅಂತ ಅವಳಿಗೆ ಸುಳ್ಳು ಕೊಟ್ಟೆ. ಅವಳು ಅದನ್ನ ಪುಸ್ತಕ ಮಾಡಿದಾಳಂತೆ. ಅವತ್ತಿಂದ ನಂಗೆ ನಿದ್ದೆ ಸರಿಯಿಲ್ಲ. ಮುಂದಿನ ಸಲ ಅವಳು ಬಂದಾಗ ಇಬ್ರನ್ನೂ ಇಲ್ಲಿಗೆ ಕರ್ಕೊಂಡು ಬಂದು ನಿಜವಾದ ಮಾತು ಹೇಳಿಕೊಡ್ತೀನಿ. ಅಷ್ಟರೊಳಗೆ ನಾನು ಬಿದ್ದುಹೋದ್ರೆ ಈ ಪೆಟ್ಟಿಗೆ ಹೇಳುತ್ತೆ. ಒಪ್ಪಿಸ್ಕೋ.”

ಪ್ಯೊ ಯಂತ್ರವನ್ನು ನಿಲ್ಲಿಸಿ ಮರದ ಕಡೆ ಮುಖ ತಿರುಗಿಸಿಕೊಂಡಿದ್ದ.

ಹೇರಾನ್ ಲೆಕ್ಕ ಹಾಕಿದಳು. ಹಾವಿನ ವರ್ಷವೆಂದರೆ ಹನ್ನೊಂದು ವರ್ಷದ ಹಿಂದೆ. ಆ ವಸಂತದಲ್ಲೇ ತಾಕ್ ಮೇಷ್ಟ್ರ ಪತ್ರ ಬಂದದ್ದು. ಅದೇ ಬೇಸಿಗೆಯಿಂದ ಅವಳು ಇಂಜೆಗೆ ಹೋಗುವುದನ್ನು ನಿಲ್ಲಿಸಿದ್ದು. ಆ ಶರತ್ಕಾಲದಲ್ಲೇ ಅಜ್ಜ ಇಲ್ಲಿ ಒಬ್ಬನೇ ಕೂತು ಇದನ್ನು ಹೇಳಿದ್ದ.

“ಅಕ್ಕಾ, ಅಜ್ಜ ಆಮೇಲೆ ಬೆಟ್ಟ ಹತ್ತಿದ್ರಾ?”

“ಎಲ್ಲಿ ಹತ್ತೋದು. ಆ ಚಳಿಗಾಲದಲ್ಲೇ ಮಂಜಿನ ಮೇಲೆ ಜಾರಿ ಸೊಂಟ ಮುರ್ಕೊಂಡ. ಆಮೇಲೆ ಅಂಗಳ ದಾಟಿದ್ದೇ ದೊಡ್ಡದು.” ದಲ್ಲೆ ಅಂಗೈಯಲ್ಲೇ ಕಣ್ಣೊರೆಸಿಕೊಂಡಳು. “ಹನ್ನೊಂದು ವರ್ಷ ಒಂದೇ ಸೂರಿನಡಿ ಉಂಡಿದೀವಿ. ದಿನಾ ನಾನೇ ಬಡಿಸ್ತಿದ್ದೆ. ಒಂದು ಮಾತು ಬಾಯಿ ಬಿಡಲಿಲ್ಲ ಈ ಮುದುಕ.”

“ಕೆಳಗೆ ಬಿಡೋ ಹಾಗಿರಲಿಲ್ವಲ್ಲಮ್ಮ,” ಎಂದರು ಮೇಷ್ಟ್ರು ಮೆಲ್ಲಗೆ.

ಪುಸ್ತಕ ಹೋದದ್ದಕ್ಕೆ ಹೇರಾನ್ ಎಷ್ಟು ಅತ್ತಿದ್ದಳು. ಕಳೆದುಕೊಂಡವಳು ತಾನೊಬ್ಬಳೇ ಎಂದುಕೊಂಡಿದ್ದಳು. ಈಗ ಪಕ್ಕದಲ್ಲಿ ಕೂತವಳನ್ನು ನೋಡುವುದೂ ಕಷ್ಟವಾಯಿತು.

“ನಾನು ಒಂದ್ಸಲ ಬಂದಿದ್ರೂ ಸಾಕಿತ್ತು ಅಕ್ಕ. ಆ ಶರತ್ಕಾಲಕ್ಕೆ ಬಂದಿದ್ರೆ ಅವರೇ ನಿಮ್ಮನ್ನ ಇಲ್ಲಿಗೆ ಕರ್ಕೊಂಡು ಬರ್ತಿದ್ರು. ನನ್ನ ಮಾನ ಉಳಿಸ್ಕೊಳ್ಳೋಕೆ ಹೋಗಿ ನಿಮ್ಮಪ್ಪನ ಮಾತು ನಿಮಗೆ ಇಲ್ದಂಗೆ ಮಾಡ್ಬಿಟ್ಟೆ.”

ದಲ್ಲೆ ಚಪ್ಪಡಿ ಕಲ್ಲನ್ನೇ ನೋಡಿದಳು. ಒಣಮೀನಿನ ಒಂದು ಚೂರನ್ನು ಹರಿದು ಮೇಷ್ಟ್ರಿಗೆ ಕೊಟ್ಟಳು, ಒಂದು ಪ್ಯೊಗೆ, ಒಂದು ಹೇರಾನ್‌ಗೆ.

“ತಿನ್ನು,” ಎಂದಳು. “ಮುಖ ಬಿಳಿಚ್ಕೊಂಡಿದೆ.”

ಆ ಏಕವಚನಕ್ಕೆ ಹೇರಾನ್ ತಲೆಯೆತ್ತಿ ನೋಡಿದಳು. ದಲ್ಲೆ ಆಗಲೇ ಮೇಷ್ಟ್ರ ಕಡೆ ತಿರುಗಿದ್ದಳು.

“ಇನ್ನೂ ಎಷ್ಟಿದೆ ಮೇಷ್ಟ್ರೇ ಅದ್ರಲ್ಲಿ?”

“ಈಗ ಶುರು. ಒಂದೊಂದೇ ಮಾತು ಹೇಳಿ ಹೇಳಿಕೊಡ್ತಿದಾರೆ. ಮೊದಲನೇದು ಅನ್ನಕ್ಕೆ.”

“ಹಾಕಿ.”

ಅಜ್ಜನ ದನಿ ಒಂದು ಮಾತನ್ನು ಹೇಳಿ ನಿಂತಿತು. ಎದುರಿಗೆ ಯಾರೋ ಕೂತು ಅದನ್ನು ಮತ್ತೆ ಹೇಳಲಿ ಎಂಬಂತೆ ಸುಮ್ಮನಿತ್ತು. ಆ ಸುಮ್ಮನಿದ್ದ ಜಾಗದಲ್ಲಿ ಗಾಳಿ ಮಾತ್ರ ಕೇಳುತ್ತಿತ್ತು. ದಲ್ಲೆ ತುಟಿ ಅಲ್ಲಾಡಿಸಿದಳು, ದನಿ ಬರಲಿಲ್ಲ. ಪ್ಯೊ ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದ. ಈ ಸಲ ಅವಳು ಹೇಳಿದಳು, ಅಪ್ಪನದೇ ರಾಗ, ಅಪ್ಪನದೇ ಒಡಕು. ಮೇಷ್ಟ್ರು ಕಣ್ಣು ಮುಚ್ಚಿ ತಲೆಯಾಡಿಸಿದರು.

ಹೇರಾನ್ ತೊಡೆಯ ಮೇಲೆ ಟಿಪ್ಪಣಿ ಪುಸ್ತಕ ತೆರೆದಿತ್ತು. ಇಪ್ಪತ್ತೆರಡು ವರ್ಷದ ಹಿಂದೆ ಈ ಮಾತಿಗಾಗಿಯೇ ಈ ಕಣಿವೆಗೆ ಬಂದಿದ್ದಳು. ಯಾರ ಮನೆಯಲ್ಲೂ, ಯಾವತ್ತೂ ಕೇಳದ ಪ್ರಶ್ನೆಯನ್ನು ಅವಳು ಅಂದು ಮೊದಲ ಸಲ ಕೇಳಿದಳು.

“ಅಕ್ಕಾ, ಇದನ್ನ ಬರ್ಕೊಳ್ಳಲಾ?”

ದಲ್ಲೆ ಯೋಚಿಸಿದಳು.

“ಸ್ವಲ್ಪ ತಡಿ. ಮೊದಲು ನಾನು ಬಾಯಿಪಾಠ ಮಾಡ್ಕೊಳ್ತೀನಿ. ನೀನೂ ಹೇಳು, ತಂಡಕ್ಕೆ ಸೇರಿಸ್ಕೊಂಡಿದಾನಲ್ಲ ನಿನ್ನನ್ನೂ.”

ಹೇರಾನ್ ಪುಸ್ತಕ ಮುಚ್ಚಿಟ್ಟು ಆ ಮಾತನ್ನು ಹೇಳಿದಳು.

“ಸರಿಯಾಗ್ಲಿಲ್ಲ,” ಎಂದಳು ದಲ್ಲೆ. “ಇನ್ನೊಂದ್ಸಲ.”